ಅಳಿಯ ಮಾಡಿದ ಮೇಣದಬತ್ತಿ ಸ್ಟ್ಯಾಂಡು

ಕೈಕೆಲಸ ಬಾರದ ಗಂಡಸಿಗೆ ಬೇರೆ ಎಲ್ಲ ಕಡೆ ಹೇಗೋ ಮರ್ಯಾದೆ ಉಳಿಯುತ್ತದೆ, ಹೆಂಡತಿಯ ತವರಿನಲ್ಲಿ ಮಾತ್ರ ಉಳಿಯುವುದಿಲ್ಲ. ನಾನು ಆಗ ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು. ಯಾವ ರಾಜನ ನಂತರ ಯಾವ ರಾಜ ಬಂದನೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಗಾವಡಗೆರೆಯಲ್ಲಿ ಹೊಲ ಗದ್ದೆ ಮಾಡಿಕೊಂಡಿದ್ದ ನನ್ನ ಮಾವನವರಿಗೆ ಸತ್ತುಹೋದ ರಾಜರಿಂದ ಆಗಬೇಕಾದ ಕೆಲಸ ಏನೂ ಇರಲಿಲ್ಲ. ಅವರ ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ, ಪಿರಿಯಾಪಟ್ಟಣದವನು. ಉಳಿ ಸುತ್ತಿಗೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮಾವನ ಮನೆಯ ತೊಟ್ಟಿಲು ಅವನದೇ, ಕೊಟ್ಟಿಗೆಯ ಬಾಗಿಲೂ ಅವನದೇ. ಮನೆಗೆ ಯಾರೇ ಬರಲಿ, ಅವರು ಕಾಲು ತೊಳೆಯುವಷ್ಟರಲ್ಲಿ ಮಾವ ಕೊಟ್ಟಿಗೆಗೆ ಕರೆದೊಯ್ದು, "ನಮ್ಮ ದೊಡ್ಡಳಿಯಂದ್ರು ಮಾಡಿದ್ದು ಕಣ್ರಪ್ಪ" ಎಂದು ಬಾಗಿಲು ತಟ್ಟಿ ತೋರಿಸುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಎಮ್ಮೆಯ ಮುಖ ನೋಡುತ್ತಿದ್ದೆ. ಅದೇ ಮಾತನ್ನು ಅವರು ಒಮ್ಮೆಯಾದರೂ ನನ್ನ ಬಗ್ಗೆ ಆಡಬೇಕು ಎಂಬ ಆಸೆ ನನಗೆ ಹತ್ತಿಕೊಂಡಿತು. ನಕ್ಕರೆ ನಗಿ, ನಿಜವಾಗಿ ಅಷ್ಟು ಆಸೆಯಿತ್ತು.

ಹೀಗಿರುವಾಗ ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಗೆಳೆಯ ಕ್ರಿಸ್ಮಸ್ ರಜೆಗೆ ನನ್ನನ್ನು ಕರೆಸಿಕೊಂಡ. ಅಲ್ಲಿ ತೋಟದ ಬಿಳಿ ದೊರೆಯ ಬಂಗಲೆಯ ಹಜಾರದಲ್ಲಿ ಮರದ ಕೊಂಬೆಯ ತುಂಡುಗಳನ್ನು ತೊಗಟೆ ಸಮೇತ ನಿಲ್ಲಿಸಿ, ತಲೆಯಲ್ಲಿ ತೂತು ಕೊರೆದು, ಮೇಣದಬತ್ತಿ ಹಚ್ಚಿಟ್ಟಿದ್ದರು. ದೊರೆಸಾನಿ ತಾನೇ ಮಾಡಿ ನೆಂಟರಿಗೆಲ್ಲ ಹಬ್ಬದ ಉಡುಗೊರೆ ಕೊಡುತ್ತಾಳಂತೆ. ಹೆರೆಯುವುದಿಲ್ಲ, ನಯ ಮಾಡುವುದಿಲ್ಲ, ಕೂಡಿಸುವುದಿಲ್ಲ, ಒಂದು ತೂತು ಅಷ್ಟೆ! ದೇವರು ನನಗಾಗಿಯೇ ಒಂದು ಬಡಗಿ ಕೆಲಸವನ್ನು ಇಟ್ಟಿದ್ದಾನೆ ಅನ್ನಿಸಿತು. ಮುಂದಿನ ದೀಪಾವಳಿಗೆ ಮಾವನ ಮನೆಗೆ ಇದೇ ಎಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿದೆ.

ಹುಣಸೂರಿನಲ್ಲಿ ಮರಕ್ಕೇನು ಬರ? ಕಾಕನಕೋಟೆ ಕಡೆಯ ದಿಮ್ಮಿಗಳು ಲಾರಿಗಟ್ಟಲೆ ಬಂದು ಬೀಳುವ ಊರು. ಹಬ್ಬ ಹತ್ತಿರವಾದಾಗ ಗರಗಸದ ಮಿಲ್ಲಿನಿಂದ ತೇಗದ ತುಂಡೊಂದನ್ನು ಕೇಳಿ ತಂದೆ. ಅದು ನನಗೆ ಬಹಳ ಅವಮಾನ ಮಾಡಿತು. ಉಳಿ ಇಟ್ಟರೆ ಜಾರುತ್ತಿತ್ತು, ಸುತ್ತಿಗೆ ಏಟು ಹೆಬ್ಬೆರಳಿಗೆ ಬೀಳುತ್ತಿತ್ತು. ಹೆಂಡತಿ ಅರಿಸಿನದ ಬಟ್ಟಲು ಹಿಡಿದುಕೊಂಡೇ ಓಡಾಡುತ್ತಿದ್ದಳು. "ಏನ್ರೀ, ಅಬ್ಬಕ್ಕೆ ಬೆರಳಾದ್ರೂ ಉಳಿಸ್ಕಳಿ" ಎಂದಳು. ತೇಗ ಅಹಂಕಾರದ ಮರ ಎಂದು ತೀರ್ಮಾನಿಸಿ ಹಿತ್ತಲಿಗೆ ಹೋದೆ. ಬೇಲಿಯಲ್ಲಿ ಬೂದು ತೊಗಟೆಯ, ಅಲ್ಲಲ್ಲಿ ಮುಳ್ಳಿದ್ದ ಒಂದು ಮರ ಸೊಂಪಾಗಿ ನಿಂತಿತ್ತು. ಹಾಲುವಾಣ ಎಂಬ ಅದರ ಹೆಸರು ನನಗೆ ತಿಳಿದದ್ದು ಆಮೇಲೆ. ಉಳಿ ಇಟ್ಟರೆ ಬಾಳೆದಿಂಡಿನಂತೆ ಬಿಟ್ಟುಕೊಟ್ಟಿತು. ಕೊಂಬೆ ಕಡಿದು, ಮೊಳದುದ್ದದ ತುಂಡುಗಳ ಮುಳ್ಳು ಕೆತ್ತಿ ತೆಗೆದು, ತೂತು ಕೊರೆದು, ಒಂದು ಸಂಜೆಯಲ್ಲೇ ಎರಡು ಸ್ಟ್ಯಾಂಡು ಮುಗಿಸಿದೆ. ಅವುಗಳನ್ನು ದೂರದಿಂದ ನೋಡಿದೆ, ಹತ್ತಿರದಿಂದ ನೋಡಿದೆ, ಮಲಗುವಾಗ ಎದ್ದು ಬಂದು ಇನ್ನೊಮ್ಮೆ ನೋಡಿದೆ.

ಒಂದನ್ನು ಹೆಡ್‌ಮೇಷ್ಟರಿಗೆ ಕೊಟ್ಟೆ. ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಬ್ಬಕ್ಕೆ ಗಾವಡಗೆರೆಗೆ ಹೋದೆ. ಅತ್ತೆಗೆ ಗಾಬರಿಯಾಯಿತು. "ಅಬ್ಬದಲ್ಲಿ ಅಳಿಯಂದ್ರು ತಕ್ಕಂಡೋಗದು ಕಣಪ್ಪ, ನೀವ್ಯಾಕೆ ತರಕೋದ್ರಿ?" ಎಂದರು. ಮಾವ ಅದನ್ನು ತಿರುಗಿಸಿ ನೋಡಿದರು, ತೊಗಟೆಯನ್ನು ಉಗುರಿನಿಂದ ಕೆರೆದರು, ನನ್ನ ಮುಖ ನೋಡಿದರು. "ಚೆಂದಾಗದೆ, ಮಡಗು" ಎಂದು ಅತ್ತೆಯ ಕೈಗೆ ಕೊಟ್ಟರು. ಅದು ಜಗಲಿಯ ಮೂಲೆಯಲ್ಲಿ ಕೂತಿತು, ಮೂರು ಸಂಜೆ ಚೆನ್ನಾಗಿಯೇ ಉರಿಯಿತು. ನೆಂಟರು ಬಂದರು. ಮಾವ ಅವರನ್ನು ಕೊಟ್ಟಿಗೆಗೇ ಕರೆದೊಯ್ದರು. ನನಗೆ ಹೋಳಿಗೆ ರುಚಿಸಲಿಲ್ಲ.

ಕಾರ್ತೀಕ ಮುಗಿಯುವ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು ಮತ್ತೆ ಹೋದೆ. ಜಗಲಿ ಹತ್ತುತ್ತಿದ್ದವನು ಮೆಟ್ಟಿಲ ಮೇಲೇ ನಿಂತೆ. ನನ್ನ ಸ್ಟ್ಯಾಂಡಿನ ಮೈಯಿಂದ ಹಸಿರು ಚಿಗುರು ಬಂದು ಎಲೆ ಬಿಟ್ಟಿತ್ತು. ಅತ್ತೆ ದಿನಾ ಜಗಲಿ ತೊಳೆಯುವಾಗ ಅದಕ್ಕೂ ಒಂದು ಬೊಗಸೆ ನೀರು ಹಾಕುತ್ತಿದ್ದರಂತೆ. "ಜೀವ ಇರೋದ್ರ ತಲೆ ಮ್ಯಾಲೆ ಎಂಗಪ್ಪ ಬೆಂಕಿ ಅಚ್ಚದು?" ಎಂದು ಬತ್ತಿ ಹಚ್ಚುವುದನ್ನೂ ಬಿಟ್ಟಿದ್ದರು. ಮಾವ ಮೀಸೆಯಲ್ಲೇ ನಗುತ್ತಿದ್ದರು.

"ಬೇಲಿಗೆ ನೆಡೋ ಆಲುವಾಣ ಕಣ್ರೀ ಇದು. ಕಡ್ದು ಎಲ್ಲಿ ಮಡಗಿದ್ರೂ ಚಿಗುರ್ತದೆ."

"ಅವತ್ತೇ ಗೊತ್ತಾಗಿತ್ತಾ ಮಾವ?"

"ಕಂಡೇಟ್ಗೇ ಗೊತ್ತಾಯ್ತು. ಅಬ್ಬದ ದಿನ ಯಾಕೆ ಏಳದು ಅಂತ ಸುಮ್ಕಾದೆ. ಬುಡಿ, ವೀಳ್ಯದೆಲೆ ಬಳ್ಳಿ ಅಬ್ಬಿಸಕೆ ಇದ್ಕಿಂತ ಒಳ್ಳೆ ಮರ ಇಲ್ಲ."

ಹಾರೆ ತಂದು ಬಚ್ಚಲ ನೀರು ಹರಿಯುವಲ್ಲಿ ಗುಂಡಿ ತೋಡಿದರು. ನೆಡುವಾಗ ಸ್ಟ್ಯಾಂಡನ್ನು ತಲೆಕೆಳಗು ಮಾಡಿ, ನಾನು ಬತ್ತಿ ಇಡಲು ಕೊರೆದಿದ್ದ ತೂತನ್ನೇ ಮಣ್ಣಿಗೆ ಇಳಿಸಿದರು. ನಾನು ತೂತು ಕೊರೆದದ್ದು ಕೊಂಬೆಯ ಬುಡದ ಕಡೆಗಂತೆ, ಇಷ್ಟು ದಿನ ಅದು ತಲೆಕೆಳಗಾಗಿಯೇ ನಿಂತಿತ್ತಂತೆ. ನಾನು ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದೆ.

ಹೆಡ್‌ಮೇಷ್ಟರಿಗೆ ಕೊಟ್ಟದ್ದು ಮೇಜಿನ ಮೇಲೆ ಒಣಗಿ ಸೀಳಿಹೋಯಿತು, ಅದರ ಮಾತು ಬಿಡಿ. ಗಾವಡಗೆರೆಯದು ಮಾತ್ರ ಈಗ ಸೂರಿಗಿಂತ ಎತ್ತರ ಬೆಳೆದಿದೆ, ಮೈತುಂಬ ವೀಳ್ಯದೆಲೆ ಬಳ್ಳಿ ಹಬ್ಬಿದೆ. ನೆಂಟರು ಬಂದರೆ ಮಾವ ಮೊದಲು ಬಚ್ಚಲ ಹಿಂದಕ್ಕೆ ಕರೆದೊಯ್ಯುತ್ತಾರೆ, ಕೊಟ್ಟಿಗೆ ಆಮೇಲೆ. ನಾಲ್ಕು ಎಲೆ ಕಿತ್ತು ಕೈಗೆ ಕೊಟ್ಟು, "ನಮ್ಮ ಚಿಕ್ಕಳಿಯಂದ್ರು ಮಾಡಿದ್ದು ಕಣ್ರಪ್ಪ" ಎನ್ನುತ್ತಾರೆ. ನನ್ನ ಕಣ್ಣು ಈಗಲೂ ತುಂಬಿಬರುತ್ತದೆ. ನೆಂಟರು ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಏನ್ ಮಾಡಿದ್ದು, ಬಳ್ಳೀನಾ?" ಎಂದು ಕೇಳುತ್ತಾರೆ. "ಮರ" ಎನ್ನುತ್ತಾರೆ ಮಾವ. ಅದು ಹೇಗೆ ಎಂದು ನೆಂಟರು ನನ್ನ ಕಡೆ ತಿರುಗುವುದರೊಳಗೆ ನಾನು ಎರಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡುಬಿಡುತ್ತೇನೆ. ಬಾಯಿ ತುಂಬ ಎಲೆಯಡಿಕೆ ಇರುವವನಿಂದ ಯಾರೂ ಉತ್ತರ ಕೇಳುವುದಿಲ್ಲ.