ನಾಲ್ಕು ಗಂಟೆಯ ಭೂಕಂಪ

ನಾಚಿಕೆ ಒಳ್ಳೆಯ ಗುಣ ಎಂದು ಹೊಗಳುವವರು ಅದರಿಂದಾಗುವ ಹಾನಿಯನ್ನು ಕಂಡವರಲ್ಲ. ನನ್ನ ನಾಚಿಕೆಯಿಂದ ನಮ್ಮ ಇಡೀ ಓಣಿ ಎಂಟು ದಿನ ಬಯಲಲ್ಲಿ ಬದುಕಿತು. ಮೊಮ್ಮಕ್ಕಳೇ, ನಿಮ್ಮವ್ವನ ಮದುವೆಯೂ ತಪ್ಪಿಹೋಗುತ್ತಿತ್ತು; ಆಗ ಇದನ್ನು ಓದಲು ನೀವೇ ಇರುತ್ತಿರಲಿಲ್ಲ.

ಗಡಿಯಾಚೆ ಮಹಾರಾಷ್ಟ್ರದಲ್ಲಿ ಭೂಮಿ ನಡುಗಿದ ವರ್ಷ ಅದು. ಮೋರಟಗಿ ಹತ್ತಿರದ ನಮ್ಮೂರಿನಲ್ಲೂ ಮಣ್ಣಿನ ಮಾಳಿಗೆಯ ಕೆಳಗೆ ಕೂರಲು ಎಲ್ಲರಿಗೂ ಅಂಜಿಕೆ. ಅಂಥ ಹೊತ್ತಿನಲ್ಲಿ ನನ್ನ ಭಾವನವರಿಗೆ, ಎಂದರೆ ನಿಮ್ಮ ದೊಡ್ಡಜ್ಜನಿಗೆ, ಪೇಪರಿನ ತುಣುಕೊಂದು ಸಿಕ್ಕಿತು. ಅವರು ನಿವೃತ್ತ ಮಾಸ್ತರರು. ಸಾಲೆಯಿಂದ ನಿವೃತ್ತರು, ಪಾಠ ಹೇಳುವುದರಿಂದಲ್ಲ. ಬಹಳ ಮೇಲೆ ಆಕಾಶದಲ್ಲಿ ಅಯಾನುಗೋಳ ಎಂಬ ವಿದ್ಯುತ್ತಿನ ಪದರ ಇದೆಯಂತೆ, ಭೂಕಂಪಕ್ಕೆ ಮೊದಲು ಅದು ಕದಡುತ್ತದಂತೆ, ರೇಡಿಯೋ ಅಲೆಗಳು ಕೆಡುತ್ತವಂತೆ. ಹಾಗಿರಬಹುದೇ ಎಂದು ವಿಜ್ಞಾನಿಗಳು ಇನ್ನೂ ಅನುಮಾನದಲ್ಲಿದ್ದರು. ಭಾವನವರು ಅನುಮಾನವನ್ನು ಪೇಪರಿನಲ್ಲೇ ಬಿಟ್ಟು ಉಳಿದದ್ದನ್ನಷ್ಟೇ ಮನೆಗೆ ತಂದರು. ನಿಮ್ಮಜ್ಜ ನನಗೆ ಬಿಟ್ಟುಹೋದ ರೇಡಿಯೋವನ್ನು ಒಯ್ದು ಅಂಗಳದ ಕಟ್ಟೆಯ ಮೇಲಿಟ್ಟು ಕೂತರು.

ಮೊದಲ ದಿನವೇ ನಾಲ್ಕು ಗಂಟೆಗೆ ಅದು ಗರಗರ ಎಂದಿತು. ಎರಡನೆಯ ದಿನವೂ ನಾಲ್ಕಕ್ಕೆ. ಮೂರನೆಯ ದಿನವೂ.

"ಕೇಳ್ರಿ! ಮ್ಯಾಲ ಕದಡೈತಿ. ಇನ್ನ ಭೂಮಿ ಬಾಯಿ ಬಿಡೂದ ಬಾಕಿ!" ಎಂದರು. ಓಣಿಯವರೆಲ್ಲ ಹಾಸಿಗೆ, ರೊಟ್ಟಿ ಹಂಚು ಹೊತ್ತು ಬಯಲಿಗೆ ಹೊರಟರು.

ನನಗೆ ಕಾರಣ ಗೊತ್ತಿತ್ತು. ದಿನಾ ನಾಲ್ಕಕ್ಕೆ ಊರಿಗೆ ತ್ರೀ ಫೇಸ್ ಕರೆಂಟು ಬರುತ್ತಿತ್ತು. ಬಂದೊಡನೆ ನಮ್ಮ ಗೋಡೆಯಾಚೆ ಗಂಗವ್ವನ ಹಿಟ್ಟಿನ ಗಿರಣಿ ಶುರು. ಅದರ ಹಳೆಯ ಮೋಟಾರು ತಿರುಗಿದರೆ ನನ್ನ ರೇಡಿಯೋ ಗರಗರ ಎನ್ನುವುದು ವರ್ಷಗಳ ಕಥೆ. ಆದರೆ ಜೋಳ ಹೊತ್ತು ಗಿರಣಿಗೆ ಹೋಗುವವರು ಹೆಂಗಸರು, ಅಯಾನುಗೋಳ ತಿಳಿದವರು ಗಂಡಸರು. ಭೂಕಂಪಕ್ಕೂ ಕರೆಂಟಿನ ಹೊತ್ತೇ ಯಾಕೆ ಬೇಕು ಎಂದು ಆ ಕಟ್ಟೆಯ ಮೇಲೆ ಒಬ್ಬರೂ ಕೇಳಲಿಲ್ಲ.

ಬಯಲಲ್ಲಿ ಎಷ್ಟು ದಿನವೋ ಎಂದು ಹೆಂಗಸರು ಚೀಲಗಟ್ಟಲೆ ಜೋಳ ಬೀಸಿಸತೊಡಗಿದರು. ಒಂದು ತಾಸು ನಡೆಯುತ್ತಿದ್ದ ಗಿರಣಿ ಮೂರು ತಾಸು ನಡೆಯಿತು. ರೇಡಿಯೋ ಮೂರು ತಾಸು ಗರಗುಟ್ಟಿತು. ಭಾವನವರು ಮುಖ ಗಂಭೀರ ಮಾಡಿ, "ಜೋರ ಆಗಾಕತ್ತೈತಿ" ಎಂದರು. ಮರುದಿನ ಇನ್ನಷ್ಟು ಜೋಳ ಗಿರಣಿಗೆ ಹೋಯಿತು.

ನಾನೇಕೆ ಬಾಯಿ ಬಿಡಲಿಲ್ಲ? ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೇಳುವುದಿದ್ದರೆ ಸೆರಗು ಎಳೆದುಕೊಂಡು ಗೋಡೆಗೆ ಹೇಳಬೇಕು, ಅವರು ಆಚೆಗೆ ಕೂತು ಕೇಳಿಸಿಕೊಳ್ಳಬೇಕು. ಈಗ ಭೂಕಂಪದ ಭಯಕ್ಕೆ ಅವರು ಗೋಡೆಯ ಹತ್ತಿರವೇ ಬರುತ್ತಿರಲಿಲ್ಲ.

ಗುರುವಾರ ನಿಮ್ಮವ್ವ ಕಸ್ತೂರಿಯನ್ನು ನೋಡಲು ತಾಳಿಕೋಟೆಯವರು ಬರುವವರಿದ್ದರು. ಮಂಗಳವಾರ ಭಾವನವರು ಅಂಗಳದಿಂದಲೇ ಕಸ್ತೂರಿಗೆ ಕೂಗಿದರು: "ನಿಮ್ಮವ್ವಗ ಹೇಳವಾ, ಬರಬ್ಯಾಡ್ರಿ ಅಂತ ನಾಳಿ ಸಂಜಿಕ ಹೇಳಿ ಕಳಸ್ತೇನಿ. ಬೀಗರನ್ನ ಮಾಳಿಗಿ ಕೆಳಗ ಕುಂದರಿಸಿ ಕೊಲ್ಲಾಕ ಆಗತೈತೇನು?"

ಹುಡುಗನ ಕಡೆಯವರು ಮುದ್ದೇಬಿಹಾಳದಲ್ಲೂ ಒಂದು ಹೆಣ್ಣು ನೋಡುವವರಿದ್ದರು. ನಾವು ಬೇಡವೆಂದರೆ ಅವರು ಅತ್ತಲ ಬಸ್ಸು ಹತ್ತುವುದೇ. ಕಸ್ತೂರಿಯ ಕಣ್ಣು ತುಂಬಿತು. "ಅವ್ವಾ, ದೊಡ್ಡಪ್ಪಗ ಒಂದ ಮಾತ ಹೇಳವಾ."

ನಾನು ಭಾವನ ಬಳಿ ಹೋಗಲಿಲ್ಲ, ಗಂಗವ್ವನ ಬಳಿ ಹೋದೆ. "ಎರಡ ದಿನ ಗಿರಣಿ ಬಂದ್ ಇಡವಾ."

"ಭೂಕಂಪ ನಿಲ್ಲಸ ಅಂತ ನನಗ ಹೇಳಾಕ ಬಂದೀಯೇನು?" ಗಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮ ಭಾವಗ ಹೇಳಬಾರದ?"

"ನೀನ ಹೇಳು."

"ನಾ ಯಾಕ ಹೇಳಲಿ? ಇಂಥಾ ಸುಗ್ಗಿ ನನ್ನ ಗಿರಣಿಗಿ ಯಾವಾಗ ಬಂದಿತ್ತು?" ಆದರೂ ಕಸ್ತೂರಿಯ ಮುಖ ನೆನೆದು ಒಪ್ಪಿದಳು.

ಬುಧವಾರ ನಾಲ್ಕಕ್ಕೆ ರೇಡಿಯೋ ಶೇಂಗಾ ಬೆಳೆಯ ಸಲಹೆಯನ್ನು ಒಂದಕ್ಷರ ಬಿಡದೆ ಹೇಳಿತು. ಭಾವನವರು ಆಕಾಶ ನೋಡಿ ತೀರ್ಪು ಕೊಟ್ಟರು: "ಕಂಪನ ಹೊಳ್ಳಿತು. ಇಂಡಿ ತಾಲೂಕಿನ ಕಡೆ ಹೋಗಿರಬೇಕು." ಇಂಡಿಯವರು ಅವರಿಗೇನು ಮಾಡಿದ್ದರೋ. ಓಣಿಯವರು ಹಾಸಿಗೆ ಹೊತ್ತು ಮನೆಗೆ ಮರಳಿದರು.

ಗುರುವಾರ ತಾಳಿಕೋಟೆಯವರು ಬಂದರು. ಭಾವನವರು ಪಡಸಾಲೆಯಲ್ಲಿ ಕೂತು ಅಯಾನುಗೋಳ ಬಿಚ್ಚಿದರು. ಹುಡುಗನ ತಂದೆ ಬಾಯಿ ತೆರೆದು ಕೇಳಿದರು. ಒಳಗೆ ಚಹಾ ಸೋಸುವಾಗ ನನಗೊಂದು ವಿಚಾರ ಹೊಳೆಯಿತು. ರೇಡಿಯೋಕ್ಕೆ ಭೂಕಂಪದ ಸುದ್ದಿ ತಿಳಿಯದು ಎಂದರೆ ಅದರ ಗರಗರದಂತೆ ಅದರ ಮೌನಕ್ಕೂ ಅರ್ಥವಿಲ್ಲ. ಆ ಮೌನವನ್ನು ನಂಬಿ ನಾನು ಬೀಗರನ್ನು ಮಣ್ಣಿನ ಮಾಳಿಗೆಯ ಕೆಳಗೆ ಕೂರಿಸಿದ್ದೆ!

ತಟ್ಟೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಕಪ್ಪುಬಸಿಗಳು ಗಲಗಲ ಸದ್ದು ಮಾಡತೊಡಗಿದವು.

"ಬಂತು! ಹೊರಗ ನಡೀರಿ!" ಭಾವನವರು ಜಿಗಿದೆದ್ದರು. ಹುಡುಗನ ತಂದೆ ಒಂದೇ ಚಪ್ಪಲಿ ಹಿಡಿದು ಹೊಸ್ತಿಲಲ್ಲಿದ್ದರು. ಗೋಡೆ ಹುಡುಕಲು ಹೊತ್ತಿರಲಿಲ್ಲ.

"ಭೂಮಿ ಅಲ್ಲರಿ ಭಾವಾರ, ನನ್ನ ಕೈರಿ!"

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅವರ ಮುಖ ನೋಡಿ ಆಡಿದ ಮೊದಲ ಮಾತು. ಹುಡುಗನ ತಾಯಿ ನಕ್ಕು, "ಚಹಾ ಕೊಡಾಕ ಇಷ್ಟ ನಾಚಿಕಿಯೇನ್ರಿ! ಇಂಥಾ ಅವ್ವನ ಮಗಳ ನಮಗ ಬೇಕಾಗಿತ್ತು" ಎಂದರು. ನಿಮ್ಮವ್ವನ ಮದುವೆ ಅಲ್ಲೇ ಗೊತ್ತಾಯಿತು.

ಶುಕ್ರವಾರ ಗಿರಣಿ ಶುರುವಾಯಿತು, ರೇಡಿಯೋ ಗರಗುಟ್ಟಿತು, ಭಾವನವರು ಮತ್ತೆ ಕಟ್ಟೆ ಹತ್ತಿದರು. ಭೂಕಂಪವನ್ನು ಇಂಡಿಗೆ ಕಳಿಸಿದ ಕಥೆಯನ್ನು ಸಾಯುವವರೆಗೂ ಹೇಳಿದರು. ಗಿರಣಿಯ ಮಾತು ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು. ಈಗ ಅವರಿಲ್ಲ, ಗಂಗವ್ವ ಇಲ್ಲ, ಗಿರಣಿಯೂ ಇಲ್ಲ. ಹೇಳಲು ನನಗೆ ಧೈರ್ಯ ಬಂದಿದೆ. ಅದೂ ನೋಡಿ, ನಿಮ್ಮ ಮುಖ ನೋಡಿ ಹೇಳುವ ಬದಲು ಈ ಕಾಗದವೆಂಬ ಗೋಡೆಗೆ ಹೇಳುತ್ತಿದ್ದೇನೆ.