ಹಾರ್ಡ್‌ಡಿಸ್ಕಿನೊಳಗೆ ಕುಳಿತ ಅತ್ತೆಯವರು

ಕೆಲವರಿಗೆ ಕೈಗುಣ ಅಂತ ಇರುತ್ತದೆ. ಅವರು ನೆಟ್ಟ ಕರಿಬೇವು ಚಿಗುರುತ್ತದೆ, ಮುಟ್ಟಿದ ಮಿಕ್ಸರ್ ತಿರುಗುತ್ತದೆ. ನನಗೂ ಅದು ಇದೆಯೆಂದು ಮೊದಲಿನಿಂದಲೂ ನನ್ನ ಗಟ್ಟಿ ನಂಬಿಕೆ. ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಹಾಗೆ ನಂಬಿದವನು ನಾನೊಬ್ಬನೇ ಎನ್ನುವುದು ಬೇರೆ ಮಾತು. ಒಮ್ಮೆ ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದಾಗ ಸ್ಕ್ರೂಗಳು ಮಿಕ್ಕವು. ಮಾಡಿದವರೇ ಹೆಚ್ಚಿಗೆ ಹಾಕಿದ್ದರೆ ನಾನೇನು ಮಾಡಲಿ?

ಆ ವರ್ಷ ಮಹಾನವಮಿಯ ಆಯುಧಪೂಜೆಗೆ, ಅಂದರೆ ನಮ್ಮ ಖಂಡೆ ಪೂಜೆಗೆ, ಹಾರೆ, ಕುಡುಗೋಲು, ಸ್ಕೂಟರಿನ ಜೊತೆ ಕಂಪ್ಯೂಟರಿಗೂ ವಿಭೂತಿ ಬಳಿದು ಕಾಯಿ ಒಡೆದೆ. ಕಾಯಿನೀರು ಕಂಪ್ಯೂಟರ್ ಡಬ್ಬಿಯ ಕಿಂಡಿಯಿಂದ ಒಳಗಿಳಿಯಿತು. ಸ್ವಿಚ್ ಒತ್ತಿದರೆ ಠುಸ್! "ದೇವರಿಗೆ ಮುಟ್ಟಿತು" ಎಂದೆ. ಹೆಂಡತಿ ನೀಲಾ ನಗಲಿಲ್ಲ. ತೀರಿಹೋದ ಅವಳ ತಾಯಿ ಹಾಡಿದ ಬೀಸುಕಲ್ಲಿನ ಪದ ಇದ್ದದ್ದು ಅದರಲ್ಲಿ ಮಾತ್ರ. ಅವರು ತಮ್ಮೂರು ಹೂವಿನ ಹಿಪ್ಪರಗಿಯಿಂದ ಬಂದಿದ್ದಾಗ ಮೈಕ್ ಜೋಡಿಸಿ ರೆಕಾರ್ಡ್ ಮಾಡಿಕೊಟ್ಟವನೂ ನಾನೇ. "ನಮ್ಮವ್ವನ ದನಿ ಹೋತಂದ್ರ ನಾ ಸುಮ್ಮನಿರಾಕಿ ಅಲ್ರಿ" ಎಂದಳು. ಕಣ್ಣು ತುಂಬಿತ್ತು.

"ಡಬ್ಬಿ ಹೋಗೈತಿ, ಹಾರ್ಡ್‌ಡಿಸ್ಕ್ ಗಟ್ಟಿ ಐತಿ" ಎಂದು ಧೈರ್ಯ ಹೇಳಿ, ಯಾರೋ ಬಳಸಿದ್ದನ್ನು ರಿಪೇರಿ ಮಾಡಿ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ್ದ ಕಂಪ್ಯೂಟರೊಂದನ್ನು ವಿಜಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಹಳೆಯ ಡಿಸ್ಕನ್ನು ಅದರೊಳಗೆ ಕೂಡಿಸಿದರೆ ಪರದೆ ಕಪ್ಪೋ ಕಪ್ಪು. ಒಂದೇ ಡಬ್ಬಿಯಲ್ಲಿ ಎರಡು ಡಿಸ್ಕಿದ್ದರೆ ಒಂದು ಹಿರಿಯ, ಇನ್ನೊಂದು ಕಿರಿಯ ಆಗಬೇಕು; ಇವೆರಡೂ ನಾನೇ ಹಿರಿಯ ಎಂದು ಹಟ ಹಿಡಿದಿದ್ದವು. ಹಳೆಯದರ ಬೆನ್ನಿಗಿದ್ದ ಪುಟ್ಟ ಕ್ಲಿಪ್ಪನ್ನು ಕಿತ್ತು, ಪಕ್ಕದ ಮುಳ್ಳಿನಂಥ ಪಿನ್ನುಗಳಿಗೆ ಸಿಕ್ಕಿಸಿ, ಅದನ್ನು ಕಿರಿಯನನ್ನಾಗಿ ಮಾಡಿದೆ. ಬಂತು ನೋಡಿ! "ನಾ ಹೇಳಿರಲಿಲ್ಲೇನು?" ಎಂದು ಬೀಗುತ್ತ ಓಣಿಯವರನ್ನೆಲ್ಲ ಕರೆದು ಕೂಡಿಸಿ ಹಾಡು ಹಚ್ಚಿದೆ.

ಅತ್ತೆಯವರ ದನಿ ಮನೆ ತುಂಬಿತು. ನೀಲಾ ಬಾಯಿಗೆ ಸೆರಗು ಹಚ್ಚಿಕೊಂಡು ಅತ್ತಳು. ನನ್ನ ಎದೆ ಉಬ್ಬಿತು. ಹಾಡು ಮುಗಿಯಿತು; ಆದರೆ ರೆಕಾರ್ಡ್ ಮಾಡಿದ ದಿನ ನಾನು ಮೈಕ್ ಬಂದ್ ಮಾಡದೆ ಚಹಾದ ಹಾಲು ತರಲು ಹೋಗಿದ್ದೆನಲ್ಲ, ಅತ್ತೆಯವರು ಮಗಳಿಗೆ ಹೇಳಿದ ಮಾತೂ ಹಿಂದೆಯೇ ಬಂತು: "ಅಳಿಯಾರು ಹೋದ್ರೇನವಾ? ಬಂಗಾರದಂಥಾ ಮನಿಷ್ಯಾರು. ಆದ್ರ ಈ ಡಬ್ಬಿ ಅಷ್ಟ ಅವರ ಕೈಯಾಗ ಕೊಡಬ್ಯಾಡ. ಕೆಡಿಸಿ ಇಡ್ತಾರ."

ಓಣಿಗೆ ಓಣಿಯೇ ಗೊಳ್ಳೆಂದಿತು. ಅಳುತ್ತಿದ್ದವಳೂ ನಕ್ಕಳು. ಈಗ ಮನೆಗೆ ಯಾರೇ ಬರಲಿ, ನೀಲಾ ಹಾಡನ್ನು ಕೊನೆತನಕ ಕೇಳಿಸಿಯೇ ಕಳಿಸುತ್ತಾಳೆ. ಆ ಬಾಲವನ್ನು ಕತ್ತರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಕೈ ಹಚ್ಚಲು ಹೋಗಿ ಹಾಡೂ ಅಳಿಸಿಹೋದರೆ, ಅತ್ತೆಯವರು ಹೇಳಿದ್ದೇ ಖರೆ ಆಗಿಬಿಡುತ್ತದಲ್ಲ!