ಇವರ ಕಣ್ಣಿನ ಪಂಚಾಯ್ತಿ

ನಮ್ಮ ಮನೆಯವರು ನನ್ನನ್ನು ನೋಡದೆ ಮದುವೆಯಾದವರು!

ಹಾಗಂತ ಹೆಣ್ಣು ನೋಡುವ ಶಾಸ್ತ್ರ ಆಗಲಿಲ್ಲ ಅಂತಲ್ಲ. ಭರ್ಜರಿಯಾಗಿಯೇ ಆಯಿತು. ಬಿಳಿಚೋಡಿನ ನಮ್ಮ ತವರಿನ ಪಡಸಾಲೆಯಲ್ಲಿ ಎರಡೂ ಕಡೆಯವರು ಕೂತು ಒಂದು ಬುಟ್ಟಿ ಮಂಡಕ್ಕಿ, ಎರಡು ತಟ್ಟೆ ಮೆಣಸಿನಕಾಯಿ ಬಜ್ಜಿ ಖಾಲಿ ಮಾಡಿದ್ದಕ್ಕೆ ಸಾಕ್ಷಿಗಳಿದ್ದಾರೆ. ಆದರೆ ಬಾಗಿಲ ಹೊರಗೇ ನಮ್ಮ ಅತ್ತೆಯವರು ಮಗನ ಕನ್ನಡಕ ಕಿತ್ತು ತಮ್ಮ ಬ್ಯಾಗಿಗೆ ಸೇರಿಸಿಬಿಟ್ಟಿದ್ದರು. ಸೋಡಾ ಬಾಟಲಿಯ ತಳದಂಥ ಆ ಗಾಜು ನೋಡಿ ಹುಡುಗಿ ಮನೆಯವರು ಹಿಂದೆ ಸರಿದಾರು ಅನ್ನುವ ಭಯ. ಇವರು ಒಳಗೆ ಬಂದು ಕೂತರು. ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ನಿಂತಿದ್ದ ನಮ್ಮಮ್ಮನ ಹೊಲಿಗೆ ಮಿಷನ್ನನ್ನೇ ನೋಡುತ್ತಾ ಮುಗುಳ್ನಕ್ಕರು. ಬಜ್ಜಿ ತಟ್ಟೆ ಹಿಡಿದು ಇನ್ನೊಂದು ಮೂಲೆಯಲ್ಲಿ ನಿಂತಿದ್ದ ನಾನು, 'ಎಷ್ಟು ಮರ್ಯಾದಸ್ಥ ಗಂಡು! ಹೆಣ್ಣಿನ ಕಡೆ ಕಣ್ಣೆತ್ತಿಯೂ ನೋಡುತ್ತಿಲ್ಲವಲ್ಲ' ಅಂತ ಅಲ್ಲೇ ಸೋತುಹೋದೆ. ವಾಪಸ್ ಹೋಗುವಾಗ ಅತ್ತೆ "ಹುಡುಗಿ ಹೆಂಗದಾಳಪ್ಪಾ?" ಅಂತ ಕೇಳಿದರೆ, "ಸ್ವಲ್ಪ ಕುಳ್ಳಿ. ಆದ್ರೆ ಗಂಭೀರ ಅದಾಳೆ, ಅಲ್ಲಾಡ್ಲೇ ಇಲ್ಲ" ಅಂದರಂತೆ!

ಇವರ ಹೆಸರು ಹೇಳುವುದಿಲ್ಲ. ನ್ಯಾಮತಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ ಅಂದಮೇಲೆ ಅರ್ಧ ಊರಿಗೆ ಗುರುತು ಸಿಕ್ಕಿಯೇ ಇರುತ್ತದೆ, ಉಳಿದರ್ಧಕ್ಕೆ ನಾನೇ ಯಾಕೆ ಡಂಗುರ ಸಾರಲಿ? ಕಣ್ಣಿನ ನಂಬರು ಮೈನಸ್ ಎಂಟು. ಕನ್ನಡಕ ತೆಗೆದರೆ ಮೂಗಿನ ಮುಂದಿನ ಅರ್ಧ ಗೇಣು ಪ್ರಪಂಚ ಬಲು ಸ್ಪಷ್ಟ, ಅದರಾಚೆಯದೆಲ್ಲ ಅಂಬಲಿ. ಆ ಅರ್ಧ ಗೇಣಿನಲ್ಲೇ ನಮ್ಮ ಅಂಗಡಿಯ ಕೀರ್ತಿ ನಿಂತಿದೆ. ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೊರೆಸದೆ ಕೊಟ್ಟಾರೆಯೇ? ಇವರು ಕನ್ನಡಕವನ್ನು ತಲೆಗೇರಿಸಿ, ಕೊಡದ ಕಂಠಕ್ಕೆ ಮೂಗು ತಾಗಿಸಿ, ಮಿಷನ್ನು ಹಿಡಿದು ಕೊರೆಯಲು ಶುರುಮಾಡಿದರೆ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬರುತ್ತವೆ. ಒಮ್ಮೆ ಒಬ್ಬ ಅಜ್ಜಿ ಇದನ್ನು ನೋಡಿ ಗಾಬರಿಯಾದಳು. "ಏನ್ರೀ ಸಾವ್ಕಾರ್ರೇ, ಹೊಸಾ ಕೊಡ ಅಂತ ಹೇಳಿ ಮೂಸಿ ನೋಡಾಕೆ ಹತ್ತೀರಲ್ಲ! ಯಾರಾರ ವಾಪಸ್ ಕೊಟ್ಟಿದ್ದೇನು?" ಅಂದವಳು ಕೊಡ ಬಿಟ್ಟು ಎದ್ದೇ ಹೋದಳು.

ಇಂಥವರಿಗೊಂದು ಆಸೆ. ಕನ್ನಡಕವಿಲ್ಲದೆ ಚೆನ್ನಾಗಿ ಕಾಣಬೇಕು ಅಂತಲ್ಲ, ಆ ಆಸೆ ಮದುವೆಯಾದ ಮೇಲೆ ಯಾವ ಗಂಡಸಿಗಿದೆ! ಇವರ ಆಸೆಯೇ ಬೇರೆ. ಒಂದು ದಿನ ಅಂಗಡಿ ಬಾಗಿಲಲ್ಲಿ ನಿಂತು ಸುರಿಯುವ ಮಳೆ ನೋಡುತ್ತಿದ್ದರು. "ಒಳಗೆ ಬರ್ರಿ, ಎರಚಲು ಬಡೀತೈತೆ" ಅಂದೆ. ಇವರು ಅಂಗಳಕ್ಕೆ ಎರಡು ಹೆಜ್ಜೆ ಇಟ್ಟರು. ಗಾಜಿನ ತುಂಬ ಹನಿ. ಕನ್ನಡಕ ತೆಗೆದರು, ಮಳೆಯೇ ಮಾಯ. ಹಾಕಿಕೊಂಡರು, ಮತ್ತೆ ಹನಿ.

"ನಾಕನೇ ಕ್ಲಾಸಿಂದ ಹಿಂಗೇ ಕಣೆ" ಅಂದರು. "ಒಂದು ಸಲ ಮಳೆಯಾಗೆ ನಿಂತ್ಕಂಡು ಮಳೆ ನೋಡಬೇಕು ನಾನು. ಮುಖದ ಮ್ಯಾಲೂ ಬೀಳಬೇಕು, ಕಣ್ಣಿಗೂ ಕಾಣಬೇಕು. ಎಲ್ಲರೂ ನೋಡ್ತಾರಲ್ಲ, ಹಂಗೆ."

ಎಲ್ಲರೂ ಅಂದರೆ ಯಾರು? ನಮಗೆ ಮಳೆ ಬಂದರೆ ಒಣಹಾಕಿದ ಬಟ್ಟೆ ಕಾಣುತ್ತದೆ, ಸೋರುವ ಮೂಲೆ ಕಾಣುತ್ತದೆ. ಮಳೆಯನ್ನು ನಾನು ಯಾವತ್ತು ನೋಡಿದ್ದೆ? ಆದರೆ ಆ ಮಾತು ಹೇಳುವಾಗ ಇವರ ದನಿ ಹೇಗಿತ್ತೆಂದರೆ, ಪಕ್ಕದ ಮನೆಯ ಅಡುಗೆಯ ವಾಸನೆಗೆ ಹಸಿದ ಮಗು ಮೂಗೆತ್ತಿದ ಹಾಗೆ. ಕನ್ನಡಕವೇ ಬೇಡದ ಹಾಗೆ ಇವರ ಕಣ್ಣಿಗೆ ಲೇಸರ್ ಆಪರೇಷನ್ ಮಾಡಿಸಿಯೇ ತೀರುವುದು ಅಂತ ಅವತ್ತೇ ನಿರ್ಧರಿಸಿದೆ. ಇವರು ಮಾತ್ರ "ನೋಡಾಣ, ನೋಡಾಣ" ಅನ್ನುತ್ತಲೇ ಇದ್ದರು. ಕಾಣದವರ ಬಾಯಲ್ಲಿ ಬರೀ 'ನೋಡೋಣ'!

ಇವರ 'ನೋಡಾಣ'ಕ್ಕೆ ಕೊನೆ ಹಾಡಿದ್ದು ಹೊನ್ನಾಳಿಯ ಹೊಳೆ. ಒಂದು ಅಮಾವಾಸ್ಯೆ ದಿನ ತುಂಗಭದ್ರೆಯಲ್ಲಿ ಮುಳುಗು ಹಾಕಲು ಹೋಗಿದ್ದೆವು. ಕನ್ನಡಕ ನನ್ನ ಪರ್ಸಿನಲ್ಲಿ. ಇವರು ಮೂರು ಮುಳುಗು ಹಾಕಿ ಎದ್ದು, ಒದ್ದೆ ಪಂಚೆಯಲ್ಲೇ ನಡೆದು, ಬುತ್ತಿ ಬಿಚ್ಚಿಕೊಂಡು ಕೂತಿದ್ದ ಒಂದು ಸಂಸಾರದ ನಡುವೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು. ಸಂಸಾರ ನಮ್ಮದಲ್ಲ! ಆ ಪುಣ್ಯಾತ್ಮರೋ, ಯಾರೋ ಬೀಗರ ಕಡೆಯವರಿರಬೇಕು ಅಂತ ತಿಳಿದು ರೊಟ್ಟಿ, ಕಾಳುಪಲ್ಯ, ಮೊಸರನ್ನ ಬಡಿಸಿದ್ದಾರೆ. ನಾನು ದಡವೆಲ್ಲ ಹುಡುಕಿ ಬರುವ ಹೊತ್ತಿಗೆ ಇವರು ಬೆರಳು ನೆಕ್ಕುತ್ತಾ, "ಪಲ್ಯಕ್ಕೆ ಇವತ್ತು ಉಪ್ಪು ಸರಿಯಾಗೈತೆ ನೋಡು" ಅಂತ ಯಾರದೋ ಹೆಂಡತಿಯನ್ನು ಹೊಗಳುತ್ತಿದ್ದರು. ನಾನು ಮಾಡಿದ ಪಲ್ಯಕ್ಕೆ ಅಂಥ ಮಾತು ಇವತ್ತಿನವರೆಗೂ ಬಂದಿಲ್ಲ. ಕನ್ನಡಕ ತಂದು ಮುಖಕ್ಕೆ ತಗುಲಿಸಿದೆ. ಸುತ್ತ ಒಂದು ಸಲ ನೋಡಿದರು, ಕೈಮುಗಿದರು, ಎದ್ದರು. "ಇನ್ನೊಂದು ರೊಟ್ಟಿ ಹಾಕ್ಕಳ್ರಿ ಯಜಮಾನ್ರೇ" ಅಂತ ಆಯಮ್ಮ ಕರೆಯುತ್ತಲೇ ಇದ್ದಳು.

ಆ ಹೊತ್ತಿಗೆ ಜಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಪೊಲೀಸ್ ಆಗುವ ಹುಚ್ಚಿಗೆ ಲೇಸರ್ ಮಾಡಿಸಿಕೊಂಡಿದ್ದ. ಸರಿ, ಹೊರಟರು ಇವರು, ಸಂತೆಯಲ್ಲಿ ಎತ್ತು ನೋಡುವವರಂತೆ ಅವನನ್ನು ನೋಡಲು. ರೆಪ್ಪೆ ಎತ್ತಿಸಿ ನೋಡಿದರು, ಬಿಸಿಲಿಗೆ ನಿಲ್ಲಿಸಿ ನೋಡಿದರು. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ದೂರದಿಂದ ಬರುವ ಬಸ್ಸಿನ ಬೋರ್ಡು ಓದಿಸಿದರು. ಅವನು ಪಟಪಟ ಓದಿದ. ಆದರೆ ಪ್ರತಿ ಬೋರ್ಡು ಓದುವ ಮುಂಚೆ ಇಲ್ಲದ ಕನ್ನಡಕವನ್ನು ಬೆರಳಿನಿಂದ ಮೂಗಿನ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ!

"ಇದೇನಪ್ಪಾ ಇದು?" ಅಂದರು ಇವರು.

"ಅಭ್ಯಾಸ ಭಾವಾ. ಕನ್ನಡಕ ಹೋತು, ಬೆರಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಅಂದ ಅವನು.

ಇನ್ನು ಮನೆಯ ಪಂಚಾಯ್ತಿ ಕೇಳಬೇಕೆ? "ಕಣ್ಣಿನ ಮ್ಯಾಲೆ ವೆಲ್ಡಿಂಗ್ ಮಾಡ್ತಾರಂತೆ, ಬ್ಯಾಡ ಮಗಾ" ಅಂತ ಅತ್ತೆ. ಚನ್ನಗಿರಿಗೆ ಕೊಟ್ಟಿರುವ ನಮ್ಮ ನಾದಿನಿ ಫೋನಿನಲ್ಲಿ, "ಮಾಡಿಸ್ಕ ಅಣ್ಣಾ, ಹತ್ತು ವರ್ಷ ಸಣ್ಣೋನಾಗಿ ಕಾಣ್ತೀಯ" ಅಂದಳು. ಅದಕ್ಕೂ ಅತ್ತೆಯದು ತಕರಾರು: "ಕನ್ನಡಕ ತೆಗೆದ್ರೆ ಇವನ್ನ ನಾನೇ ಗುರ್ತು ಹಿಡಿಯಲ್ಲ. ಇನ್ನು ಸಾಲ ತಗಂಡೋರು ಹಿಡೀತಾರಾ?" ನಾನು ಮಳೆಯ ಪಕ್ಷ. ಕೊನೆಗೆ ಇವರ ಕೈ ಹಿಡಿದು ದಾವಣಗೆರೆಯ ಕಣ್ಣಿನ ಆಸ್ಪತ್ರೆಯೊಂದಕ್ಕೆ ಎಳೆದುಕೊಂಡೇ ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ನಮ್ಮ ಕಥೆಯನ್ನೆಲ್ಲ ಕೇಳಿಸಿಕೊಂಡು, ಒಂದಾದ ಮೇಲೊಂದು ಮಿಷನ್ನಿಗೆ ಇವರ ಗದ್ದ ಇಡಿಸಿದರು. "ಕಣ್ಣು ಗಟ್ಟಿಯಿದೆ, ಮಾಡಬಹುದು. ಮಳೆ, ಹೊಳೆ, ಬಸ್ಸಿನ ಬೋರ್ಡು, ಎಲ್ಲಾ ಬರಿಗಣ್ಣಿಗೆ ಕಾಣುತ್ತೆ" ಅಂದರು. ಇವರು ನನ್ನ ಕಡೆ ತಿರುಗಿ ನಕ್ಕ ನಗು ಇನ್ನೂ ನೆನಪಿದೆ. ಆದರೆ ಡಾಕ್ಟರಮ್ಮನ ಮಾತು ಮುಗಿದಿರಲಿಲ್ಲ. "ನಿಮಗೀಗ ನಲವತ್ನಾಲ್ಕು. ಕನ್ನಡಕ ತೆಗೆದು ಹತ್ತಿರ ಹಿಡಿದರೆ ಈಗ ಸ್ಪಷ್ಟವಾಗಿ ಕಾಣುತ್ತಲ್ಲ, ಆಪರೇಷನ್ ಆದಮೇಲೆ ಅದು ಹೋಗುತ್ತೆ. ಹತ್ತಿರದ್ದನ್ನು ನೋಡೋಕೆ ಚಾಳೀಸು ಕನ್ನಡಕ ಬೇಕಾಗುತ್ತೆ. ಪರೀಕ್ಷೆಗೆ ಡ್ರಾಪ್ಸ್ ಹಾಕಿದ್ದೀನಿ. ಸಂಜೆವರೆಗೂ ನಿಮ್ಮ ಈ ಕನ್ನಡಕ ಹಾಕಿಕೊಂಡರೆ ದೂರದ್ದು ಕಾಣುತ್ತೆ, ಹತ್ತಿರದ್ದು ಮಸುಕು. ಮುಂದೆ ಹೆಚ್ಚು ಕಡಿಮೆ ಹೀಗೇ ಅಂದುಕೊಳ್ಳಿ. ಯೋಚನೆ ಮಾಡಿ ಹೇಳಿ."

"ಕೊಡದ ಮ್ಯಾಲೆ ಹೆಸರು ಕೊರೀಬೇಕಲ್ರೀ ಮೇಡಂ?" ಅಂದರು ಇವರು.

"ಚಾಳೀಸು ಹಾಕ್ಕೊಂಡು ಕೊರೀರಿ!"

ಅಲ್ಲಿಗೆ ಅಂಗಡಿಯ ಪ್ರಶ್ನೆ ಬಗೆಹರಿಯಿತು. ಇವರು ಮೆಟ್ಟಿಲಿಳಿಯುವಾಗಲೇ "ಮುಂದಿನ ಸೋಮವಾರ ಫೋನ್ ಮಾಡಿ ಡೇಟ್ ತಗಳ್ಳಾಣ" ಅಂದರು. ಗೆದ್ದೆ ಅಂದುಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಬದಿಗೆ ಇವರು, ಪಕ್ಕದಲ್ಲಿ ನಾನು. ಬಿಸಿಲು ಚುಚ್ಚುತ್ತದೆ ಅಂತ ನನ್ನ ಸೆರಗನ್ನು ಹಣೆಗೆ ಅಡ್ಡ ಹಿಡಿದು ಕೂತರು. ಟಿಕೆಟ್ ನೋಡಿದರು, ಅಕ್ಷರ ಕಾಣಲಿಲ್ಲ. ಅಂಗೈ ನೋಡಿದರು, ಗೆರೆ ಕಾಣಲಿಲ್ಲ. ಅದನ್ನೆಲ್ಲ ತಮಾಷೆಯಾಗಿಯೇ ಹೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದವರು ತಿರುಗಿಯೇ ಇದ್ದರು.

"ಏನ್ರೀ ಹಂಗ್ ನೋಡ್ತೀರಿ?"

"ನೀನು ಕಾಣ್ತಿಲ್ಲ ಕಣೆ."

"ಪಕ್ಕದಾಗೇ ಕೂತೀನಲ್ರೀ!"

"ಅದೇ ಮತ್ತೆ. ಪಕ್ಕದಾಗೇ ಕೂತೀಯ, ಕಾಣ್ತಿಲ್ಲ. ಕುಂಕುಮ ಎಲ್ಲೋ ಐತೆ, ಮೂಗುತಿ ಎಲ್ಲೋ ಐತೆ."

"ಚಾಳೀಸು ಹಾಕ್ಕಂಡು ನೋಡಿದ್ರಾಯ್ತು ಬಿಡ್ರಿ. ಅಂಥಾದ್ದೇನೈತೆ ಈ ಮುಖದಾಗೆ!"

ಇವರು ನಗಲಿಲ್ಲ. "ಬೆಳಿಗ್ಗೆ ಎದ್ದ ತಕ್ಷಣ ಚಾಳೀಸು ಹುಡುಕ್ಕಂಡು ನೋಡಬೇಕಾ?" ಅಂದರು.

ಬೆಳಗಿನ ಆ ಸಂಗತಿ ನಿಮಗೆ ಹೇಳಬಾರದು ಅಂತಿದ್ದೆ. ಮದುವೆಯಾದಂದಿನಿಂದ ಇವರದೊಂದು ಚಾಳಿ. ಎಚ್ಚರವಾದ ಕೂಡಲೇ ಕನ್ನಡಕಕ್ಕೆ ಕೈ ಹಾಕುವುದಿಲ್ಲ. ಮುಖವನ್ನು ನನ್ನ ಮುಖಕ್ಕೆ ತೀರಾ ಹತ್ತಿರ ತಂದು, ಸುಮ್ಮನೆ ಒಂದು ಗಳಿಗೆ ನೋಡಿ, ಆಮೇಲೆ ಏಳುತ್ತಾರೆ. ನಾನು ಎದ್ದಿದ್ದೇನೋ ಇಲ್ಲವೋ, ಟೀ ಆಗುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಾರೆ ಅಂತಲೇ ನಾನು ತಿಳಿದಿದ್ದೆ. "ಸರೀರಿ ಆ ಕಡೆ, ಇನ್ನೂ ಮುಖ ತೊಳೆದಿಲ್ಲ" ಅಂತ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

"ಕನ್ನಡಕ ಇಲ್ದೆ ನಾನು ಈ ಪ್ರಪಂಚದಾಗೆ ಪೂರ್ತಿ ನೋಡಿರೋ ಮುಖ ನಿಂದೊಂದೇ" ಅಂದರು ಇವರು. "ನಮ್ಮವ್ವಂದೂ ನೋಡಿದ್ದು ನೆನಪಿಲ್ಲ. ಕೊಡದ ಮ್ಯಾಲಿನ ಹೆಸರಿಗೆ ಚಾಳೀಸು ನಡೀತೈತೆ. ಇದಕ್ಕೆ ಬ್ಯಾಡ. ಫೋನ್ ಮಾಡಲ್ಲ ನಾನು."

ನಾಲ್ಕನೇ ಕ್ಲಾಸಿನಿಂದ ಬಯಸಿದ್ದನ್ನು ಈ ಮನುಷ್ಯ ಬಿಟ್ಟುಕೊಡುತ್ತಿರುವುದು ನನ್ನ ಈ ಮುಖಕ್ಕಾಗಿ! ಮಾಡಿಸಿಕೊಳ್ಳಿ ಅಂತ ಒತ್ತಾಯ ಮಾಡಬೇಕು ಅನ್ನಿಸಿತು. ಮಾಡಿಸಿಕೊಳ್ಳದೆ ಇದ್ದರೆ ಸಾಕಪ್ಪಾ ಅಂತಲೂ ಅನ್ನಿಸಿತು. ಎರಡೂ ನಿಜ.

"ಮತ್ತೆ ಮಳೆ?" ಅಂದೆ.

"ಹೆಂಗೈತೆ ಅಂತ ನೀನು ನೋಡಿ ಹೇಳು, ಸಾಕು."

ಅಷ್ಟಂದು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಬಸ್ಸು ತುಂಬ ಜನ. ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿದಳು, ಕಂಡಕ್ಟರ್ ಬೇಕಂತಲೇ ಕೆಮ್ಮಿದ. ಇವರ ಮುಖ ನನ್ನ ಮುಖಕ್ಕೆ ಅರ್ಧ ಗೇಣಿನಷ್ಟು ಹತ್ತಿರ ಬಂತು. ನಾನು ಮುಖ ತಿರುಗಿಸಲಿಲ್ಲ. ಎಷ್ಟು ಬೇಕೋ ಅಷ್ಟು ನೋಡಿಕೊಳ್ಳಲಿ ಅಂತ ಅಲ್ಲಾಡದೆ ಕೂತೆ.